ನಾವು ಹಾಡಲು ಹೋದ ಶಾಲೆಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಸಂಗೀತದ ಬಗ್ಗೆ ನಾಕು ಮಾತು ಹೇಳ್ರಿ ಸರ್" ಅಂದರು. ಸಂಗೀತದ ಬಗ್ಗೆ ಮಾತಾಡುವಷ್ಟು ವಿದ್ವತ್ತು ನನ್ನಲ್ಲಿಲ್ಲ. ನಾನು ಹಾಡಲು ಕಲಿತದ್ದು ಹನುಮಪ್ಪನ ಗುಡಿಯ ಶನಿವಾರದ ಭಜನೆಯಲ್ಲಿ, ಆಮೇಲೆ ಈ ಶಾಲೆಯ ಪ್ರಾರ್ಥನೆಯಲ್ಲಿ. 1981ರಲ್ಲಿ ಇಲ್ಲಿ ಹತ್ತನೇ ತರಗತಿ ಮುಗಿಸಿ ಧಾರವಾಡಕ್ಕೆ ಹೋದೆ. ಅಲ್ಲಿ ಕಾಲೇಜಿನ ಗಾಯನ ವೃಂದಕ್ಕೆ ಸೇರಿದೆ. ಆ ವೃಂದದ ಜೊತೆ ಮಾಡಿದ ಒಂದು ತಿರುಗಾಟದ ಸಂಗತಿ ಹೇಳಿ ಮುಗಿಸುತ್ತೇನೆ.

1985ರ ಡಿಸೆಂಬರ್. ನಾವು ಒಂಬತ್ತು ಜನ, ಒಬ್ಬರು ಪ್ರಾಧ್ಯಾಪಕರು, ಒಂದು ಹಾರ್ಮೋನಿಯಂ, ಒಂದು ಜೋಡಿ ತಬಲಾ, ಒಂದು ಏಕತಾರಿ. ಉತ್ತರ ಕನ್ನಡ ಜಿಲ್ಲೆಯ ಶಾಲೆಗಳಲ್ಲಿ ವಚನ, ತತ್ವಪದ, ಭಾವಗೀತೆ ಹಾಡಿ ಬರಬೇಕು. ಕೆಂಪು ಬಸ್ಸಿನ ಕಂಡಕ್ಟರು ಹಾರ್ಮೋನಿಯಂಗೂ ಲಗೇಜ್ ಟಿಕೆಟ್ ಹರಿದರು. ಪ್ರತಿ ಶಾಲೆಯಲ್ಲಿ ಮೊದಲು ಕುವೆಂಪು ಅವರ ಗೀತೆ ಹಾಡುತ್ತಿದ್ದೆವು. ಅದು ಅಧಿಕೃತವಾಗಿ ನಾಡಗೀತೆಯಾದದ್ದು 2004ರಲ್ಲಿ, ನಾವು ಹಾಡುವಾಗ ಅದಿನ್ನೂ ಬರಿಯ ಹಾಡು. ನಾಡಿನಲ್ಲಿ ಎಲ್ಲ ಬಗೆಯ ಜನ ಇದ್ದಾರೆ ಅಂತ ದಿನಾ ಹಾಡುತ್ತಿದ್ದೆವು. ನೋಡಿದ್ದೆವೇ? ಇಲ್ಲ.

ಮೂರನೆಯ ದಿನ ಯಲ್ಲಾಪುರದ ಕಡೆಯ ಒಂದು ಶಾಲೆ. ಸುತ್ತ ಕಾಡು, ಅಡಿಕೆ ತೋಟ. ಮಕ್ಕಳಲ್ಲಿ ಅರ್ಧದಷ್ಟು ಸಿದ್ದಿ ಮಕ್ಕಳು. ಸಿದ್ದಿಯರ ಪೂರ್ವಜರು ಆಫ್ರಿಕಾದಿಂದ ಬಂದವರು. ಪೋರ್ಚುಗೀಸರು ಗುಲಾಮರನ್ನಾಗಿ ತಂದವರಲ್ಲಿ ಹಲವರು ಗೋವೆಯಿಂದ ತಪ್ಪಿಸಿಕೊಂಡು ಈ ಘಟ್ಟದ ಕಾಡು ಸೇರಿದರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರೂ ಇದ್ದಾರೆ. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಅವತ್ತು ನನಗೆ ಕಂಡದ್ದು ಗುಂಗುರು ಕೂದಲು ಮಾತ್ರ. ನಮ್ಮಲ್ಲೊಬ್ಬ ಆ ಕೂದಲಿನ ಬಗ್ಗೆ ಏನೋ ಚೇಷ್ಟೆ ಮಾಡಿದ. ನಾನು ನಕ್ಕೆ. ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ಸಾಲಿನಲ್ಲಿ ಕೂತ ಒಬ್ಬ ಹುಡುಗನನ್ನು ಕೇಳಿದೆ: "ತಮ್ಮಾ, ನೀ ಯಾವ ದೇಶದಾಂವ?"

ಹುಡುಗ ನನ್ನ ಮುಖ ನೋಡಿದ. "ಯಲ್ಲಾಪುರ ತಾಲೂಕು. ನೀವು?" ಅಂದ.

ಸ್ವಚ್ಛ ಕನ್ನಡ. ನನ್ನ ಕನ್ನಡಕ್ಕಿಂತ ಸ್ವಚ್ಛ. ಅವನ ಹಿಂದೆ ಕೂತ ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಈ ಸಲ ನಗುವ ಸರದಿ ಅವರದ್ದು.

ನಮ್ಮ ಹಾಡು ಮುಗಿದ ಮೇಲೆ ಅಲ್ಲಿನ ಮೇಷ್ಟ್ರು ಡಮಾಮಿ ತರಿಸಿದರು. ಕೈಯಿಂದ ಬಾರಿಸುವ ಚರ್ಮವಾದ್ಯ ಅದು, ಅವರ ಕುಣಿತಕ್ಕೂ ಅದೇ ಹೆಸರು. ಆ ಹುಡುಗನೇ ಬಾರಿಸಿದ. ನಮ್ಮ ತಬಲಾದವನು ಜೊತೆ ಕೊಡಲು ಹೋಗಿ ಎರಡು ಸಲ ತಪ್ಪಿದ, ಮೂರನೆಯ ಸಲ ಕೈ ಕಟ್ಟಿ ಕೂತ. ಸಮ ಎಲ್ಲಿ ಬೀಳುತ್ತದೆ ಎಂಬುದೇ ಅವನಿಗೆ ಹತ್ತಲಿಲ್ಲ. ಹೊರಡುವಾಗ ಹುಡುಗನ ಹತ್ತಿರ ಹೋಗಿ ತಪ್ಪಾಯಿತು ಅನ್ನಬೇಕು ಅಂದುಕೊಂಡೆ. ಬಸ್ಸಿನ ಹೊತ್ತಾಗಿತ್ತು ಅಂತ ಇವತ್ತಿಗೂ ನನಗೆ ನಾನೇ ನೆಪ ಹೇಳಿಕೊಳ್ಳುತ್ತೇನೆ. ಬಸ್ಸು ಬಂದದ್ದು ಮುಕ್ಕಾಲು ತಾಸು ತಡವಾಗಿ.

ಮರುದಿನ ಮುಂಡಗೋಡ. ಅಲ್ಲಿ 1960ರ ದಶಕದಿಂದ ಟಿಬೆಟಿಯನ್ನರ ವಸತಿ ಇದೆ. ಮಕ್ಕಳು ಉದ್ದ ಕತ್ತಿನ ತಂತಿವಾದ್ಯ ಹಿಡಿದು ತಮ್ಮ ಹಾಡು ಹಾಡಿದರು. ನಮ್ಮ ಹಾರ್ಮೋನಿಯಂದವಳು ಸುಮ್ಮನೆ ಮನೆಗಳ ಮೇಲೆ ಬೆರಳಿಟ್ಟು ಹುಡುಕಿದಳು. ಐದೇ ಸ್ವರ, ಮಧ್ಯಮ ನಿಷಾದ ಇಲ್ಲ. "ಸರ್, ಇದು ಭೂಪ!" ಅಂತ ಕೂಗಿದಳು. ಪ್ರಾಧ್ಯಾಪಕರು ನಕ್ಕು, "ಅವರನ್ನ ಕೇಳಿದ್ರ ನಮ್ಮ ಭೂಪನ ಅವರದು ಅಂತಾರ" ಅಂದರು. ಹಾಡಿನ ಅರ್ಥ ಕೇಳಿದಾಗ ಒಬ್ಬ ಹುಡುಗಿ, ಊರಿನ ಬೆಟ್ಟದ ಮೇಲಿನ ಹಿಮದ ಬಗ್ಗೆ ಇದೆ ಅಂದಳು. ನೀನು ನೋಡಿದ್ದೀಯಾ ಅಂದರೆ, ಇಲ್ಲ, ಅಜ್ಜಿ ನೋಡಿದ್ದಾರೆ ಅಂದಳು.

ಭಟ್ಕಳದ ಉರ್ದು ಶಾಲೆಗೆ ಹೋಗುವಾಗ ನಾವು ಬಹಳ ಜಾಣರಾಗಿದ್ದೆವು. ವಚನ ಬಿಟ್ಟು ಶಿಶುನಾಳ ಶರೀಫರ ತತ್ವಪದಗಳನ್ನೇ ಹಾಡೋಣ, ಅವರಿಗೆ ಹಿಡಿಸುತ್ತದೆ ಅಂತ ಪಟ್ಟಿ ಬದಲಿಸಿಕೊಂಡೆವು. ಮಕ್ಕಳು ಮರ್ಯಾದೆಯಿಂದ ಕೇಳಿದರು. ಮನೆಯಲ್ಲಿ ನವಾಯತಿ, ಓದು ಉರ್ದುವಿನಲ್ಲಿ, ಪೇಟೆಯಲ್ಲಿ ಕನ್ನಡ, ಹೀಗೆ ಮೂರು ಭಾಷೆ ಸಲೀಸಾಗಿ ಆಡುವ ಮಕ್ಕಳು. ಮೂರು ಪದ ಆದ ಮೇಲೆ ಹಿಂದಿನ ಸಾಲಿನಿಂದ ಒಂದು ಕೈ ಎದ್ದಿತು: "ರಾಜ್‌ಕುಮಾರ್ ಹಾಡು ಬರಲ್ವಾ?" ಚಿತ್ರಗೀತೆ ಹಾಡಕೂಡದು ಅಂತ ನಮ್ಮ ಪ್ರಾಧ್ಯಾಪಕರ ಕಟ್ಟುನಿಟ್ಟು. ಅವರು ಒಂದು ಕ್ಷಣ ಮೇಲೆ ನೋಡಿ, "ಹಾಡ್ರಪಾ" ಅಂದರು. ಇಡೀ ತಿರುಗಾಟದಲ್ಲಿ ಮಕ್ಕಳು ನಮ್ಮ ಜೊತೆ ದನಿ ಕೂಡಿಸಿ ಹಾಡಿದ್ದು ಅದೊಂದೇ.

ಈ ಕತೆಯನ್ನು ಇಲ್ಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಈ ಶಾಲೆ ನೆನಪಾಯಿತು. ನಮ್ಮ ತರಗತಿಯಲ್ಲಿ ತಾಂಡಾದ ಒಬ್ಬ ಹುಡುಗಿ ಇದ್ದಳು. ಅವಳ ತಾಯಿ ಫೀ ಕಟ್ಟಲು ಕನ್ನಡಿಯ ಲಂಗ ಉಟ್ಟು ಬಂದರೆ, ಬಳೆ ಗೆಜ್ಜೆಯ ಸದ್ದು ಕೇಳಿ ನಾವು ಹುಡುಗರು ಬೆಂಚು ಬಡಿಯುತ್ತಿದ್ದೆವು. ಅವಳು ತಲೆ ತಗ್ಗಿಸಿ ಕೂರುತ್ತಿದ್ದಳು. ಮೂರು ವರ್ಷ ಜೊತೆಗೆ ಓದಿದರೂ ಅವಳ ಬಾಯಲ್ಲಿ ಲಂಬಾಣಿ ಭಾಷೆಯ ಒಂದು ಶಬ್ದ ನಾನು ಕೇಳಲಿಲ್ಲ. ಆಡಲು ನಾವು ಬಿಟ್ಟಿರಲಿಲ್ಲ. ಪ್ರಾರ್ಥನೆಗೆ ಮೂರು ಜನ ಹಾಡುಗಾರರು ಬೇಕಾದಾಗ ಮೇಷ್ಟ್ರು ತರಗತಿಯನ್ನೆಲ್ಲ ಕೇಳಿದ್ದರು, ಅವಳು ಕೈ ಎತ್ತಲಿಲ್ಲ. ತಾಂಡಾದ ಹೆಣ್ಣುಮಕ್ಕಳು ಮದುವೆ ಮನೆಯಲ್ಲಿ ರಾತ್ರಿಯೆಲ್ಲ ಹಾಡುತ್ತಾರೆ, ಅದು ನಮ್ಮೂರಿನವರೆಗೂ ಕೇಳುತ್ತಿತ್ತು. ಆ ದನಿಗೂ ನಮ್ಮ ತರಗತಿಯ ಮೂಲೆಯ ಬೆಂಚಿಗೂ ಸಂಬಂಧ ಇದೆ ಅಂತ ನನಗೆ ಹೊಳೆದಿರಲಿಲ್ಲ. ಹೊಳೆಯಲು ನಾನು ಭಟ್ಕಳದ ತನಕ ಹೋಗಬೇಕಾಯಿತು, ತಾಂಡಾ ಇಲ್ಲಿಂದ ಎರಡು ಕಿಲೋಮೀಟರು.

ಆ ಗೆಳತಿ ಇವತ್ತು ಬಂದಿದ್ದಾರೋ ಇಲ್ಲವೋ ಗೊತ್ತಿಲ್ಲ. ಹೆಸರು ಹೇಳಿ ಅವರನ್ನು ಮತ್ತೊಮ್ಮೆ ಮುಜುಗರಕ್ಕೆ ಈಡುಮಾಡುವುದಿಲ್ಲ. ಬಂದಿದ್ದರೆ, ಊಟದ ಹೊತ್ತಿಗೆ ನಾನೇ ಹುಡುಕಿಕೊಂಡು ಬರುತ್ತೇನೆ. ಈ ಸಲ ನನಗೆ ಹಿಡಿಯುವ ಬಸ್ಸೇನೂ ಇಲ್ಲ.

ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಮಾತಾದ ಮೇಲೆ ಎಂಟನೇ ತರಗತಿಯ ಮಕ್ಕಳ ಲಂಬಾಣಿ ಹಾಡು ಅಂತ ಬರೆದಿದೆ. ಮಕ್ಕಳು ಆಗಲೇ ಮೆಟ್ಟಿಲ ಹತ್ತಿರ ನಿಂತಿದ್ದಾರೆ. ನಾನು ಕೆಳಗೆ ಕೂತು ಕೇಳುತ್ತೇನೆ.