ಅಂಕೋಲೆಯ ಉಪ್ಪಿನ ಋಣ

(ಅಂಕೋಲೆಯಲ್ಲಿ ಶಿಕ್ಷಕರ ಹಾಗೂ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ಕರ್ನಾಟಕದ ಏಕೀಕರಣವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ತಾವು ಅಪ್ಪಣೆ ಮಾಡಿದಿರಿ. ಧಾರವಾಡ, ಬೆಂಗಳೂರುಗಳಂಥ ದೊಡ್ಡ ಊರುಗಳ ಹೆಸರನ್ನೆತ್ತಿ ಈ ವಿಷಯವನ್ನು ಆರಂಭಿಸುವದು ವಾಡಿಕೆ. ನಾನಾದರೋ ಈ ಸಭೆ ನೆರೆದಿರುವ ಊರಿನಿಂದಲೇ ಆರಂಭಿಸುವೆನು. ಕಡಲಿಗೂ ಘಟ್ಟಕ್ಕೂ ನಡುವೆ ಅಂಗೈಯಗಲದ ನೆಲದಲ್ಲಿರುವ ಅಂಕೋಲೆಯು ಭೂಪಟದ ಮೇಲೆ ಒಂದು ಚುಕ್ಕೆ ಮಾತ್ರ. ಆದರೆ 1956ನೆಯ ಇಸವಿಯ ನವೆಂಬರ 1ರಂದು ಸರಕಾರದ ಕಾಗದದಲ್ಲಿ ಮೂಡಿದ ಕನ್ನಡ ನಾಡು, ಅದಕ್ಕೆ 26 ವರ್ಷ ಮೊದಲೇ ಈ ಊರಿನ ಮಳಲ ಮೇಲೆ ಕೃತಿರೂಪದಿಂದ ನಿಂತಿತ್ತು. ಇದೇ ನನ್ನ ಇಂದಿನ ಮಾತಿನ ಸಾರ.

ಹಿಂದಿನ ಸ್ಥಿತಿಯನ್ನು ಸ್ವಲ್ಪ ನೆನೆಯೋಣ. 1799ರಲ್ಲಿ ಟೀಪುವಿನ ಪತನವಾದ ಮೇಲೆ ಕಾನಡಾ ಸೀಮೆಯು ಇಂಗ್ಲಿಷರ ಕೈಸೇರಿ ಮದ್ರಾಸ ಇಲಾಖೆಗೆ ಒಳಪಟ್ಟಿತು. 1862ರಲ್ಲಿ ಅದರ ಉತ್ತರಭಾಗವನ್ನು ಕತ್ತರಿಸಿ ಮುಂಬಯಿ ಇಲಾಖೆಗೆ ಕೂಡಿಸಿದರು. ದಕ್ಷಿಣಭಾಗವು ಮದ್ರಾಸಿನಲ್ಲಿಯೇ ಉಳಿಯಿತು. ಇಲ್ಲಿಯ ಜನರನ್ನು ಕೇಳಿ ಮಾಡಿದ ಕಾರ್ಯವಲ್ಲವಿದು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರದ ಮೂಲಕ ಹೊರನಾಡಿಗೆ ಸಾಗಿಸಬೇಕೆಂಬ ಹಂಬಲವೇ ಇದರ ಹಿಂದಿತ್ತು. ಒಂದೇ ಕಡಲು, ಒಂದೇ ಗಂಜಿಯೂಟ, ಒಂದೇ ಯಕ್ಷಗಾನದ ಚಂಡೆಯ ದನಿ. ಆದರೂ ಹೊನ್ನಾವರದವನ ಅಹವಾಲು ಮುಂಬಯಿಗೆ, ಕುಂದಾಪುರದವನ ಅಹವಾಲು ಮದ್ರಾಸಿಗೆ! ಘಟ್ಟವನ್ನೇರಿ ತೆಂಕಲಿಗೆ ನಡೆದರೆ ಮೈಸೂರಿನ ಮಹಾರಾಜರ ಸಂಸ್ಥಾನ. ಹೀಗಿತ್ತು ನಮ್ಮ ನಾಡಿನ ಅವಸ್ಥೆ.

1920ರಲ್ಲಿ ನಾಗಪುರದ ಕಾಂಗ್ರೆಸ್ಸು ಭಾಷೆಯನ್ನನುಸರಿಸಿ ಪ್ರಾಂತಗಳನ್ನು ಏರ್ಪಡಿಸಲು ಒಪ್ಪಿತು. ಅದರಿಂದ ಕರ್ನಾಟಕಕ್ಕೆ ತನ್ನದೇ ಆದ ಪ್ರಾಂತಿಕ ಸಮಿತಿಯೊಂದು ದೊರೆಯಿತು. ಆಂಗ್ಲ ಸರಕಾರಕ್ಕೆ ಇಲ್ಲದ ಕರ್ನಾಟಕವು ಕಾಂಗ್ರೆಸ್ಸಿಗೆ ಇದ್ದಿತು. 1930ರ ಎಪ್ರಿಲ್ 6ರಂದು ಗಾಂಧೀಜಿಯವರು ದಾಂಡಿಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಕರ್ನಾಟಕದ ಸಮಿತಿಯು ಅದೇ ಕಾರ್ಯಕ್ಕೆ ಅಂಕೋಲೆಯನ್ನು ಆರಿಸಿತು. ಎಪ್ರಿಲ್ 13, ಅಂದರೆ ಜಲಿಯನವಾಲಾ ಬಾಗದ ಹತ್ಯೆಗೆ 11 ವರ್ಷ ತುಂಬಿದ ದಿವಸ, ಎಂ. ಪಿ. ನಾಡಕರ್ಣಿಯವರು ಸಾವಿರಾರು ಜನರ ಸಮಕ್ಷಮದಲ್ಲಿ ಇಲ್ಲಿ ಆ ಕಾಯಿದೆಯನ್ನು ಮುರಿದರು. ಮದ್ರಾಸ ಇಲಾಖೆಯ ಮಂಗಳೂರಿನಿಂದ ಕಾರ್ನಾಡ ಸದಾಶಿವರಾಯರು ಬಂದರು. ಘಟ್ಟದ ಮೇಲಿನ ಮುಂಬಯಿ ಕರ್ನಾಟಕದಿಂದ ಸ್ವಯಂಸೇವಕರು ಬಂದರು. ಸಂಸ್ಥಾನದ ಮೈಸೂರಿನಿಂದಲೂ ಬಂದರು. ಬೇರೆ ಬೇರೆ ಸರಕಾರಗಳ ಪ್ರಜೆಗಳು ಒಂದೇ ನಾಡಿನ ಮಕ್ಕಳಾಗಿ ಒಂದೇ ಕಡಲ ನೀರನ್ನು ಕಾಯಿಸಿದರು. ಮಹನೀಯರೇ, ಏಕೀಕರಣವೆಂದರೆ ಇದಲ್ಲದೆ ಮತ್ತೇನು?

ಆ ದಿನ ಇವರನ್ನು ಆದರಿಸಿದ ಊರು ಎಂಥದು? ಒಂದೇ ಜಾತಿಯ, ಒಂದೇ ಮನೆಮಾತಿನ ಊರಲ್ಲ. ಹೊಲಗದ್ದೆಗಳ ನಾಡವರು, ಸುಗ್ಗಿಯ ಕುಣಿತದ ಹಾಲಕ್ಕಿ ಒಕ್ಕಲಿಗರು, ಮನೆಯೊಳಗೆ ಕೊಂಕಣಿಯನ್ನೂ ಪೇಟೆಯಲ್ಲಿ ಕನ್ನಡವನ್ನೂ ಆಡುವ ಸಾರಸ್ವತರು, ದೋಣಿಯ ಖಾರ್ವಿಗಳು, ಅಂಬಿಗರು, ಮುಸಲ್ಮಾನ ಬಂಧುಗಳು, ಇವರೆಲ್ಲ ಸೇರಿದ ಊರು. ಮನೆಮಾತು ಬೇರೆಯಾದವನು ಕನ್ನಡ ನಾಡಿಗೆ ಅನ್ಯನಾಗುವನೆಂದು ಹೇಳುವವರು ಅಂಕೋಲೆಯನ್ನು ಒಮ್ಮೆ ನೋಡಿ ಹೋಗಲಿ.

ಇನ್ನೊಂದು ಕಹಿಯಾದ ಮಾತನ್ನೂ ಹೇಳಬೇಕಾಗಿದೆ. ಈ ಕರಾವಳಿಯಲ್ಲಿ ತಲೆತಲಾಂತರದಿಂದ ಉಪ್ಪಿನ ಆಗರಗಳಲ್ಲಿ ಬೆವರು ಸುರಿಸಿದ ಆಗೇರರನ್ನು ನಾವು ಅಸ್ಪೃಶ್ಯರೆಂದು ದೂರವಿಟ್ಟೆವು. ಅವರು ತೆಗೆದ ಉಪ್ಪು ನಮ್ಮ ಅಡಿಗೆಮನೆಯನ್ನು ಹೊಕ್ಕಿತು. ಅವರು ಮಾತ್ರ ಅಂಗಳದ ಆಚೆ ನಿಂತರು. ಸರಕಾರದ ಉಪ್ಪಿನ ಕಾಯಿದೆಯನ್ನು ಮುರಿಯಲು ಒಂದು ದಿನ ಸಾಕಾಯಿತು. ನಮ್ಮ ಮನೆಯ ಕಾಯಿದೆಯನ್ನು ಮುರಿಯಲು ಎಷ್ಟು ದಿನ ಬೇಕೆಂಬದನ್ನು ನಮ್ಮ ನಮ್ಮ ಎದೆಯನ್ನೇ ಕೇಳಿಕೊಳ್ಳೋಣ.

ಉಪ್ಪಿನ ತರುವಾಯ ಬಂದದ್ದು ಕರನಿರಾಕರಣೆ. 1932ರಲ್ಲಿ ಅಂಕೋಲೆ, ಸಿದ್ದಾಪುರ ತಾಲೂಕುಗಳ ನೂರಾರು ರೈತ ಕುಟುಂಬಗಳು ಕಂದಾಯ ಕೊಡಲೊಲ್ಲೆವೆಂದು ನಿಂತವು. ಸರಕಾರವು ಅವರ ಭೂಮಿಯನ್ನು ಜಪ್ತಿ ಮಾಡಿ ಹರಾಜಿಗಿಟ್ಟಿತು. ತಂದೆ ಸೆರೆಮನೆಯಲ್ಲಿ, ಮಕ್ಕಳೊಡನೆ ತಾಯಿ ಪರರ ಜಗಲಿಯ ಮೇಲೆ. ಬಿತ್ತುವ ಗದ್ದೆ ಕಣ್ಣೆದುರಿಗೆ ಪರರ ಪಾಲು! 1938ರಲ್ಲಿ ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲವು ಕಾಯಿದೆ ಮಾಡಿ ಆ ಭೂಮಿಗಳನ್ನು ಮರಳಿ ಕೊಡಿಸಿತು. ಆದರೆ ಭೂಮಿಯಿದ್ದವನಿಗೆ ಭೂಮಿ ಮರಳಿತು. ಗೇಣಿಗೆ ಉಳುವವನಿಗೆ ಮರಳಲು ಏನಿತ್ತು? ಈ ಪ್ರಶ್ನೆಯನ್ನೆತ್ತಿ ಒಕ್ಕಲುಗಳ ಪಕ್ಷ ಹಿಡಿದವರು ಇದೇ ತಾಲೂಕಿನ ಅಲಗೇರಿಯ ದಿನಕರ ದೇಸಾಯಿಯವರು. ಅದಕ್ಕಾಗಿ ಅವರು ಈ ಜಿಲ್ಲೆಯಿಂದಲೇ ಗಡೀಪಾರಾದರು. 1953ರಲ್ಲಿ ಅವರು ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳಲ್ಲಿ ಕಲಿತವರು ಈ ಜಿಲ್ಲೆಯ ತುಂಬ ಇದ್ದಾರೆ. ಚುಟುಕಗಳ ಕವಿಯೆಂದು ಅವರನ್ನು ನಾಡು ಬಲ್ಲದು. ಒಕ್ಕಲಿನ ಗುಡಿಸಲಿಗೆ ನಡೆದುಹೋದ ದೇಸಾಯಿಯವರನ್ನು ನಾವು ಮರೆಯಬಾರದು.

ಅಂಕೋಲೆಯು ನಾಡಿಗೆ ಕೊಟ್ಟದ್ದು ಇಷ್ಟು. ನಾಡು ಅಂಕೋಲೆಗೆ ಕೊಟ್ಟದ್ದೇನು? ಶಾಲೆ, ರಸ್ತೆ, ವಿದ್ಯುತ್ತು ಬಂದವು. 1974ರ ಭೂಸುಧಾರಣೆಯಿಂದ ಉಳುವವನು ಒಡೆಯನಾದನು. ಇವನ್ನು ಕೃತಜ್ಞತೆಯಿಂದ ನೆನೆಯೋಣ. ಆದರೆ ಹತ್ತಿಯ ಕಾಲದಿಂದ ಬಯಸಿದ ಘಟ್ಟದ ರೈಲುದಾರಿಯ ಮಾತು ಹುಬ್ಬಳ್ಳಿ-ಅಂಕೋಲೆ ಮಾರ್ಗವೆಂಬ ಹೆಸರಿನಲ್ಲಿ ಇನ್ನೂ ಕಾಡಿಗೂ ಕಾಗದಕ್ಕೂ ನಡುವೆ ಸಿಕ್ಕಿದೆ. ಜೀವಕ್ಕೆ ಅಪಾಯವೊದಗಿದಾಗ ರೋಗಿಯನ್ನು ಮಂಗಳೂರಿಗೋ ಗೋವೆಗೋ ಹುಬ್ಬಳ್ಳಿಗೋ ಹೊತ್ತು ಓಡಬೇಕಾದ ದುಃಖದಿಂದ 2022ರಲ್ಲಿ ಜಿಲ್ಲೆಯ ಜನರು ದೊಡ್ಡ ಆಸ್ಪತ್ರೆಗಾಗಿ ಮೊರೆಯಿಟ್ಟರು. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಜರಿದು, ಜನರೂ ವಾಹನಗಳೂ ಮಣ್ಣಿನ ಪಾಲಾಗಿ ಗಂಗಾವಳಿಗೆ ಬಿದ್ದದ್ದನ್ನು ತಾವು ಕಣ್ಣಾರೆ ಕಂಡವರು. ಗುಡ್ಡವನ್ನು ಹೇಗೆ ಕಡಿಯಬೇಕು, ದಾರಿಯನ್ನು ಎಲ್ಲಿ ಒಯ್ಯಬೇಕು ಎಂಬ ವಿಚಾರದಲ್ಲಿ ಗುಡ್ಡದ ಬುಡದಲ್ಲಿ ಬಾಳುವವನ ಮಾತಿಗೂ ಬೆಲೆಯಿರಬೇಡವೇ? ದೂರದ ಪಟ್ಟಣದಲ್ಲಿ ಕುಳಿತು ಕರಾವಳಿಯ ಮೇಲೆ ಗೆರೆಯೆಳೆಯುವದು 1862ರ ರೀತಿ. ಅದು ಕನ್ನಡ ನಾಡಿನ ರೀತಿಯಾಗಬಾರದು.

ಬೇಡುವದು ಒಂದು ಕೆಲಸ. ನಾವೇ ಮಾಡುವದು ಇನ್ನೊಂದು. ಶಿಕ್ಷಕ ಬಂಧುಗಳೇ, ಎರಡನೆಯದನ್ನು ತಮ್ಮಲ್ಲಿ ಬೇಡುತ್ತೇನೆ. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿಗಳ ಹಾಡುಗಳ ಕಣಜವಾಗಿದ್ದರು. ಸಾರಾಯಿಯ ವಿರುದ್ಧ ಹೆಂಗಸರನ್ನು ಕೂಡಿಸಿ ನಿಂತವರು. ಹೊನ್ನಳ್ಳಿಯ ತುಳಸಿ ಗೌಡರು ಕಾಡಿನ ಬೀಜ, ಸಸಿಗಳ ಮರ್ಮವನ್ನು ಬಲ್ಲವರು. ಇಬ್ಬರಿಗೂ ಪದ್ಮಶ್ರೀ ಬಂದಿತು. ಇಬ್ಬರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. 2024ರ ಡಿಸೆಂಬರಿನಲ್ಲಿ ತುಳಸಿ ಗೌಡರೂ 2025ರ ಫೆಬ್ರುವರಿಯಲ್ಲಿ ಸುಕ್ರಿಯವರೂ ತೀರಿಕೊಂಡರು. ಅವರು ಬಲ್ಲದ್ದರಲ್ಲಿ ಎಷ್ಟು ನಮ್ಮ ಮಕ್ಕಳಿಗೆ ಮುಟ್ಟಿತು?

ಆದುದರಿಂದ ಪ್ರತಿಯೊಂದು ಶಾಲೆಯೂ ತನ್ನ ಹಳ್ಳಿಯದೊಂದು ವಹಿಯನ್ನು ಇಡಲಿ. ಯಾವ ಮನೆಯ ಗದ್ದೆ ಜಪ್ತಿಯಾಯಿತು, ಅದನ್ನು ಉಳುತ್ತಿದ್ದ ಒಕ್ಕಲು ಯಾರು, ಆಗರದಲ್ಲಿ ದುಡಿದವರು ಯಾರು, ಸುಗ್ಗಿಯಲ್ಲಿ ಹಾಡುವ ಹಾಡು ಯಾವುದು, ಇವನ್ನು ಮಕ್ಕಳೇ ಮನೆಮನೆಗೆ ಹೋಗಿ ಅಜ್ಜ ಅಜ್ಜಿಯರಿಂದ ಕೇಳಿ ಬರೆಯಲಿ. ನಾಡವರ ಹುಡುಗ ಆಗೇರರ ಜಗಲಿಯ ಮೇಲೆ ಕುಳಿತು ಬರೆಯಲಿ. ಖಾರ್ವಿಯ ಹುಡುಗಿ ಹಾಲಕ್ಕಿಯ ಕೊಪ್ಪಕ್ಕೆ ಹೋಗಿ ಬರೆಯಲಿ. ಭೂಪಟದ ಏಕೀಕರಣವನ್ನು ಹಿರಿಯರು ಮುಗಿಸಿದರು. ಜಗಲಿಯಿಂದ ಜಗಲಿಗೆ ಆಗಬೇಕಾದ ಏಕೀಕರಣವು ನಮ್ಮ ಪಾಲಿಗೆ ಉಳಿದಿದೆ.

ಉಪ್ಪುಂಡ ಮನೆಗೆ ಎರಡು ಬಗೆಯಬಾರದೆಂದು ಹಿರಿಯರು ಹೇಳುವರು. ಕನ್ನಡ ನಾಡು ಅಂಕೋಲೆಯ ಉಪ್ಪನ್ನು ಉಂಡಿದೆ. ನಾವು ಅಂಕೋಲೆಯವರು ಆಗೇರರ ಉಪ್ಪನ್ನು ಉಂಡಿದ್ದೇವೆ. ಈ ಎರಡು ಋಣಗಳೂ ತೀರುವ ದಿನವೇ ನಮಗೆ ನಿಜವಾದ ರಾಜ್ಯೋತ್ಸವವೆಂದು ಬಿನ್ನವಿಸಿ, ನನ್ನ ಮಾತನ್ನು ಮುಗಿಸುತ್ತೇನೆ.