ಸತ್ತವನ ಸಾಲ, ಉಳಿದವಳ ಬದುಕು

(ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳ ಬರಹರೂಪ)



ವರದಕ್ಷಿಣೆ ಸಾವು, ಮನೆಯೊಳಗಿನ ಹೊಡೆತ-ಬಡಿತಗಳ ಬಗ್ಗೆ ಮಾತಾಡುವ ನಾವು ಗಂಡಸರ ಆತ್ಮಹತ್ಯೆಯ ಬಗ್ಗೆ ಏಕೆ ಮಾತಾಡಬೇಕು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಗಂಡಸನ್ನು ಸಾವಿಗೆ ದೂಡುವ ವ್ಯವಸ್ಥೆ ಬೇರೆ, ಹೆಂಗಸನ್ನು ಹಿಂಸಿಸುವ ವ್ಯವಸ್ಥೆ ಬೇರೆ ಅಲ್ಲ ಎಂಬುದು ನನ್ನ ಉತ್ತರ. ಅವನು ಹೋದ ಮೇಲೆ ಸಾಲ, ಮಕ್ಕಳು, ಅತ್ತೆ-ಮಾವ, ಊರವರ ಮಾತು ಎಲ್ಲವನ್ನೂ ಹೊರುವವಳು ಹೆಣ್ಣೇ.

ಮೊದಲು ಅಂಕಿಗಳನ್ನು ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ಗಂಡಸರು 1,22,724. ಹೆಂಗಸರು 48,172; ಇವರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 25,309 ಮಂದಿ, ಗೃಹಿಣಿಯರು. ಅದೇ ವರ್ಷ ಕರ್ನಾಟಕದಲ್ಲಿ ರೈತರು ಮತ್ತು ಕೃಷಿ ಕೂಲಿಕಾರರು ಸೇರಿ 2,392 ಜನ ಹೀಗೆ ಸತ್ತರು. ಮಹಾರಾಷ್ಟ್ರ ಬಿಟ್ಟರೆ ಇದೇ ಹೆಚ್ಚು.

ಇನ್ನೊಂದು ಸಂಗತಿ ಗಮನಿಸಿ. ದೇಶದಲ್ಲಿ 'ರೈತ' ಎಂದು ದಾಖಲಾದ 5,207 ಮಂದಿಯಲ್ಲಿ ಹೆಂಗಸರು ಕೇವಲ 208. ಹಾಗಾದರೆ ಹೆಂಗಸರು ಒಕ್ಕಲುತನ ಮಾಡುವುದಿಲ್ಲವೇ? ಕಳೆ ತೆಗೆಯುವವರು, ಹತ್ತಿ ಬಿಡಿಸುವವರು, ಮೆಣಸಿನಕಾಯಿ ಹರಿಯುವವರು ಯಾರು? ಉತಾರದಲ್ಲಿ ಅವಳ ಹೆಸರಿಲ್ಲ. ಆದ್ದರಿಂದ ಬದುಕಿದ್ದಾಗ ಅವಳು ರೈತಳಲ್ಲ, ಸತ್ತಾಗಲೂ ಅಲ್ಲ.

ಕರ್ನಾಟಕದಲ್ಲಿ ರೈತರ ಆತ್ಮಹತ್ಯೆ ದೊಡ್ಡ ಸುದ್ದಿಯಾದದ್ದು 1998ರ ಸುಮಾರಿಗೆ, ಬೀದರಿನ ತೊಗರಿ ಬೆಳೆಗಾರರಿಂದ. ಆಮೇಲೆ ಸತತ ಮೂರು ವರ್ಷ ಬರ ಬಿದ್ದು, 2003ರ ಹೊತ್ತಿಗೆ ನಮ್ಮ ಹಾವೇರಿ ಜಿಲ್ಲೆಯ ಹೆಸರು ಮತ್ತೆ ಮತ್ತೆ ಪತ್ರಿಕೆಗಳಲ್ಲಿ ಬರತೊಡಗಿತು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ತೀರಿಕೊಂಡರು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು.

ಆದರೆ ಮಳೆ ಕೈಕೊಟ್ಟ ಮಾತ್ರಕ್ಕೆ ಯಾರೂ ಸಾಯುವುದಿಲ್ಲ. ಹಿಂದೆಯೂ ಬರ ಬೀಳುತ್ತಿತ್ತು. ಆಗ ಬೀಜ ಮನೆಯದು, ಗೊಬ್ಬರ ತಿಪ್ಪೆಯದು. ಈಗ ಬೀಜ, ಗೊಬ್ಬರ, ಔಷಧಿ ಎಲ್ಲವೂ ಅಂಗಡಿಯಿಂದ, ಅದೂ ಉದ್ರಿ. ಬೆಳೆ ಬಂದರೆ ಅಡತಿ ಅಂಗಡಿಯವನು ಸಾಲ ಮುರಿದುಕೊಂಡು ಉಳಿದದ್ದು ಕೊಡುತ್ತಾನೆ. ಬಾರದಿದ್ದರೆ ಬಡ್ಡಿ ಬೆಳೆಯುತ್ತದೆ. ಬೋರ್‌ವೆಲ್ ಕೊರೆಸಿ ನೀರು ಬೀಳದಿದ್ದರೆ ಆ ಸಾಲ ಬೇರೆ. ಸಮಾಜಶಾಸ್ತ್ರಜ್ಞೆ ಎ.ಆರ್. ವಾಸವಿಯವರು ತೋರಿಸಿಕೊಟ್ಟಂತೆ, ಊರು ಕೂಡಿ ಮಾಡುತ್ತಿದ್ದ ಒಕ್ಕಲುತನ ಇಂದು ಒಬ್ಬೊಬ್ಬನ ಒಂಟಿ ಜೂಜಾಗಿದೆ. ಸೋತರೆ ಅವನು ಒಬ್ಬನೇ ಸೋಲುತ್ತಾನೆ.

ಈ ಸಾಲದೊಳಗೆ ಮಗಳ ಅಥವಾ ತಂಗಿಯ ಮದುವೆಯ ಸಾಲವೂ ಇರುತ್ತದೆ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಆದರೂ ಬಂಗಾರ, ಬೈಕು, ಕಲ್ಯಾಣ ಮಂಟಪದ ಖರ್ಚಿಗೆ ಹೊಲ ಅಡವಾಗುತ್ತಿದೆ. ವರದಕ್ಷಿಣೆ ತೆಗೆದುಕೊಂಡ ಮನೆಯಲ್ಲಿ ಸೊಸೆ ಸಾಯಬಹುದು, ಕೊಟ್ಟ ಮನೆಯಲ್ಲಿ ತಂದೆ ಸಾಯಬಹುದು. ಒಂದೇ ಪಿಡುಗು, ಎರಡು ಮನೆಯ ಹೆಣ.

ನಮ್ಮ ಸಮಾಜ ಗಂಡುಮಕ್ಕಳನ್ನು ಬೆಳೆಸುವ ರೀತಿಯನ್ನೂ ನೋಡಬೇಕು. ಅಳಬೇಡ, ಹೆಂಗಸಿನ ಮುಂದೆ ಕಷ್ಟ ಹೇಳಬೇಡ, ಮನೆ ನಡೆಸದವನು ಗಂಡಸೇ ಅಲ್ಲ ಎಂದು ಕಲಿಸುತ್ತೇವೆ. ಸರ್ವಜ್ಞನ ಸಾಲದ ತ್ರಿಪದಿ ಎಲ್ಲರಿಗೂ ಬಾಯಿಪಾಠ. ಆದರೆ ಒಟ್ಟು ಸಾಲ ಎಷ್ಟೆಂದು ಹೆಂಡತಿಗೆ ಹೇಳುವ ಗಂಡ ಅಪರೂಪ. ಹೇಳದ ದುಃಖ ಕುಡಿತಕ್ಕೆ ತಿರುಗುತ್ತದೆ, ಕುಡಿತ ಹೊಡೆತಕ್ಕೆ ತಿರುಗುತ್ತದೆ.

"ಮಹಿಳೆಯರ ಪರ ಕಾನೂನುಗಳಿಂದಲೇ ಗಂಡಸರು ಸಾಯುತ್ತಿದ್ದಾರೆ" ಎಂಬ ವಾದ ಈಚೆಗೆ ಜೋರಾಗಿದೆ. ನಮ್ಮ ಹಳ್ಳಿಗಳಲ್ಲಿ ಸತ್ತವರ ಸಾಲದ ಪಟ್ಟಿ ನೋಡಿದರೆ ಆ ವಾದ ನಿಲ್ಲುವುದಿಲ್ಲ. ಹಾಗೆಯೇ, "ನಿನ್ನಿಂದಲೇ ಸಾಯುತ್ತೇನೆ" ಎಂದು ಹೆದರಿಸಿ ಹೆಂಡತಿಯನ್ನು ಹಿಡಿತದಲ್ಲಿಟ್ಟುಕೊಳ್ಳುವುದೂ ಒಂದು ದೌರ್ಜನ್ಯವೇ. ಆ ಮಾತನ್ನು ಹಗುರಾಗಿ ತೆಗೆದುಕೊಳ್ಳಬಾರದು, ನೆರವು ಕರೆಯಬೇಕು. ಆದರೆ ಅವನ ಜೀವದ ಹೊಣೆ ಅವಳೊಬ್ಬಳದಲ್ಲ. ಅದಕ್ಕಾಗಿ ಅವಳು ಹೊಡೆತ ಸಹಿಸಬೇಕಾಗಿಲ್ಲ.

ಸಾವಿನ ನಂತರ ಏನಾಗುತ್ತದೆ? "ಗಂಡನನ್ನು ತಿಂದವಳು" ಎಂಬ ಮಾತು ಮೊದಲು ಬರುತ್ತದೆ. ಬಳಿಕ ಸಾಲಗಾರರು ಬರುತ್ತಾರೆ. ಮಗ ಶಾಲೆ ಬಿಟ್ಟು ಕೂಲಿಗೆ ಹೋಗುತ್ತಾನೆ, ಮಗಳ ಮದುವೆ ಬೇಗ ಆಗುತ್ತದೆ. ಸರ್ಕಾರ 2015ರಲ್ಲಿ ರೈತ ಆತ್ಮಹತ್ಯೆಯ ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಉಪವಿಭಾಗಾಧಿಕಾರಿಗಳ ಸಮಿತಿ ಕೇಳುವುದು ಕಾಗದ. ಹೊಲ ಮಾವನ ಹೆಸರಿನಲ್ಲಿದ್ದರೆ, ಲಾವಣಿ ಮಾಡಿದ್ದರೆ, ಸಾಲ ಕೈಗಡವಾಗಿದ್ದರೆ ಕಾಗದ ಎಲ್ಲಿಂದ ತರಬೇಕು? ಮದುವೆಯ ಸಾಲವಾದರೆ 'ಕೌಟುಂಬಿಕ ಕಾರಣ' ಎಂದು ಬರೆದು ಕಡತ ಮುಚ್ಚುತ್ತಾರೆ.

ಅದಕ್ಕೇ ಕೆಲವು ವಿಷಯ ನೆನಪಿಡಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಮಕ್ಕಳಷ್ಟೇ ಸಮನಾದ ಪಾಲು ಇದೆ. ತಡಮಾಡದೆ ವಾರಸಾ ಹಚ್ಚಿಸಿ. ನೀವು ಸಹಿ ಮಾಡದ, ಜಾಮೀನು ನಿಲ್ಲದ ಸಾಲಕ್ಕೆ ಅವನಿಂದ ಬಂದ ಆಸ್ತಿಯ ಮಟ್ಟಿಗಷ್ಟೇ ಹೊಣೆ. ನಿಮ್ಮ ದುಡಿಮೆಯ ಮೇಲೆ, ತವರಿನ ಬಂಗಾರದ ಮೇಲೆ ಯಾರಿಗೂ ಹಕ್ಕಿಲ್ಲ.

ಇನ್ನು ನಮ್ಮ ಸಂಘಗಳ ಮಾತು. ಮೈಕ್ರೋ ಫೈನಾನ್ಸ್ ಸಾಲ ಹೆಣ್ಣಿನ ಹೆಸರಿನಲ್ಲಿ, ಖರ್ಚು ಹಲವು ಸಲ ಗಂಡನ ಕೈಯಲ್ಲಿ. 2025ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಹೆಂಗಸರು ವಸೂಲಿ ಕಾಟ ತಾಳಲಾರದೆ ಮುಖ್ಯಮಂತ್ರಿಗೆ ಅಂಚೆಯಲ್ಲಿ ಮಾಂಗಲ್ಯ ಕಳಿಸಿ ಪ್ರತಿಭಟಿಸಿದರು. ಮರುತಿಂಗಳೇ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಬಂತು. ಆದರೆ ಕಂತು ತಪ್ಪಿದವಳ ಬಾಗಿಲಲ್ಲಿ ಹೋಗಿ ಕೂರುವವರು ಒಮ್ಮೊಮ್ಮೆ ನಾವೇ ಅಲ್ಲವೇ? ಇದನ್ನು ನಾವೇ ನಿಲ್ಲಿಸಬೇಕು. ಕಂತು ತಪ್ಪಿದ ಮನೆಗೆ ಮೊದಲು ಕೇಳಲು ಹೋಗೋಣ, ವಸೂಲಿಗೆ ಅಲ್ಲ.

ಹೋದಾಗ ನೇರವಾಗಿ ಕೇಳಿ: "ಯಾಕಪ್ಪಾ, ಊಟ-ನಿದ್ದೆ ಬಿಟ್ಟೀಯಂತೆ? ಸಾಯೋ ವಿಚಾರ ಬರಾಕತ್ತೈತೇನು?" ಹೀಗೆ ಕೇಳಿದರೆ ಸಾಯುವ ವಿಚಾರ ತಲೆಗೆ ಹೋಗುತ್ತದೆ ಎಂಬುದು ತಪ್ಪು ತಿಳುವಳಿಕೆ, ಕೇಳಿದರೆ ಎದೆ ಹಗುರಾಗುತ್ತದೆ. ಬೆಳೆಗೆ ಹೊಡೆಯುವ ಔಷಧಿ ಮನೆಯಲ್ಲಿ ಕೈಗೆ ಸಿಗದಂತೆ ನೋಡಿಕೊಳ್ಳಿ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಮುಕ್ಕಾಲು ಪಾಲು ಇಳಿಯಿತು. ಆ ಗಳಿಗೆ ದಾಟಿದರೆ ಬಹಳ ಜನ ಬದುಕುತ್ತಾರೆ. ಟೆಲಿ-ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ಹಣವಿಲ್ಲ. ಮನೆಯಲ್ಲಿ ಹಿಂಸೆಯಾಗುತ್ತಿದ್ದರೆ ಮಹಿಳಾ ಸಹಾಯವಾಣಿ 181. ಎರಡನ್ನೂ ಸಂಘದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ಮುಂದಿನ ವಾರದ ಸಭೆಯಲ್ಲಿ ಮೂರು ಠರಾವು ಮಾಡಿ. ನಮ್ಮ ಮಕ್ಕಳ ಮದುವೆಗೆ ವರದಕ್ಷಿಣೆ ಕೊಡುವುದಿಲ್ಲ, ತರುವುದಿಲ್ಲ. ಮನೆಯ ಒಟ್ಟು ಸಾಲದ ಲೆಕ್ಕ ಗಂಡ-ಹೆಂಡತಿ ಇಬ್ಬರಿಗೂ ಗೊತ್ತಿರಬೇಕು. ಸಾವಾದ ಮನೆಯ ಹೆಣ್ಣುಮಗಳು ತಹಶೀಲ್ದಾರ್ ಕಚೇರಿಗೆ ಹೋದಾಗ ಅವಳ ಜೊತೆ ಸಂಘದ ಇಬ್ಬರು ಹೋಗಬೇಕು. ಅವಳನ್ನು ಒಬ್ಬಂಟಿಯಾಗಿ ಕಳಿಸಬಾರದು.