ದೋಣಿ ಹತ್ತುವ ಮುಂಚೆ ತಲೆ ಎಣಿಸಿ
(ಯುವಜನರ ಕೂಟದಲ್ಲಿ ಆಡಿದ ಮಾತು)



ರಜೆಯಲ್ಲಿ ಎಂಟು ಹತ್ತು ಜನ ಗೆಳೆಯರು ಸೇರಿ ಕವ್ವಾಯಿ ಹಿನ್ನೀರಿಗೆ ಹೋಗಿ, ಸಣ್ಣ ದೋಣಿಯೊಂದನ್ನು ಬಾಡಿಗೆಗೆ ಹಿಡಿದು, ರಾತ್ರಿ ನಡುಗಡ್ಡೆಯಲ್ಲೇ ಉಳಿದು ಬರಬೇಕೆಂದು ನಮ್ಮ ಹುಡುಗರು ಮಾತಾಡಿಕೊಂಡಿದ್ದಾರೆ. ಹೋಗಲಿ. ವರ್ಷವೆಲ್ಲ ಸೊಪ್ಪು ಕಿತ್ತ ಕೈಗೆ ಎರಡು ದಿನ ಬಿಡುವು ಬೇಡವೇ? ಕೂಲಿಯವರಿಗೆ ಟೂರು ಯಾಕೆ ಎನ್ನುವವರ ಜೊತೆ ನಾನಿಲ್ಲ. ಆದರೆ ನಾವು ಬೆಟ್ಟದವರು. ಆನೆಯ ಹಾದಿ ಗೊತ್ತು, ನೀರಿನ ಹಾದಿ ಗೊತ್ತಿಲ್ಲ.

ಕಾಸರಗೋಡು ಜಿಲ್ಲೆಯ ದಕ್ಷಿಣ ತುದಿಯ ಆ ಹಿನ್ನೀರು ನೋಡಲು ಕೆರೆಯ ಹಾಗಿದೆ. ಕೆರೆಯಲ್ಲ. ವಲಿಯಪರಂಬದ ಮರಳ ಪಟ್ಟಿಯ ಆಚೆಗೆ ಅರಬ್ಬಿ ಸಮುದ್ರ. ಸಮುದ್ರ ಉಬ್ಬಿದರೆ ಇದೂ ಏರುತ್ತದೆ. ಇಳಿದರೆ ನೀರೆಲ್ಲ ಅಳಿವೆಯ ಕಡೆಗೆ ಸೆಳೆಯುತ್ತದೆ. ಏರಿದ ನೀರು ಇಳಿಯಲು ಸುಮಾರು ಆರು ಗಂಟೆ. ಸಂಜೆ ಭರತದಲ್ಲಿ ದಡಕ್ಕೆ ತಂದು ಕಟ್ಟಿದ ದೋಣಿ ನಡುರಾತ್ರಿ ಕೆಸರಿನ ಮೇಲೆ ಕೂತಿರಬಹುದು. ಆಗ ಯಾರಿಗಾದರೂ ಹೊಟ್ಟೆನೋವು ಬಂದರೆ ದೋಣಿ ಇದ್ದೂ ಇಲ್ಲದ ಹಾಗೆ. ಈ ಏರಿಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಆದ್ದರಿಂದ ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡಬಹುದೆಂದು ದೋಣಿಯವರನ್ನೇ ಕೇಳಿ. ರಾತ್ರಿ ಅವರು ನಿಮ್ಮೊಡನೆ ಉಳಿಯುವರೋ, ಬಿಟ್ಟು ಹೋಗುವರೋ, ಅದೂ ಬಾಡಿಗೆ ಮಾತಾಡುವಾಗಲೇ ಇತ್ಯರ್ಥವಾಗಲಿ. ದೋಣಿ ಕೊಟ್ಟು ಹುಟ್ಟು ನಿಮ್ಮ ಕೈಗಿಡುವವರಿದ್ದರೆ, ನಮಸ್ಕಾರ ಹೇಳಿ ಬನ್ನಿ.

ಸೊಪ್ಪಿನ ತೂಕದಲ್ಲಿ ಅರ್ಧ ಕಿಲೋ ಕಡಿಮೆಯಾದರೆ ತಕ್ಕಡಿಯ ಮುಂದೆ ಜಗಳಕ್ಕೆ ನಿಲ್ಲುವ ನಾವು ದೋಣಿ ಹತ್ತುವಾಗ ತಲೆ ಎಣಿಸುವುದಿಲ್ಲ. "ಇನ್ನಿಬ್ಬರು ಕೂತ್ಕೊಳ್ಳಿ, ಏನಾಗಲ್ಲ" ಎಂದರೆ ತಲಾ ಬಾಡಿಗೆ ಇಳಿಯಿತೆಂದು ಖುಷಿ! 2019ರ ಜನವರಿ 21ರಂದು ಕಾರವಾರದ ಎದುರಿನ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 22 ಜನ, ಹೆಚ್ಚಿನವರು ಮಕ್ಕಳು. ಅದು ಮೀನು ಹಿಡಿಯುವ ದೋಣಿಯನ್ನು ಮಾರ್ಪಡಿಸಿದ್ದು; ಮಿತಿಮೀರಿ ಜನ ತುಂಬಿ, ಹೊತ್ತು ಮುಳುಗಿದ ಮೇಲೆ ಹೊರಡಿಸಿದ್ದರು. ಹತ್ತಿದವರಲ್ಲಿ ಒಬ್ಬರಾದರೂ "ಇಷ್ಟು ಜನ ಬೇಡ" ಎಂದಿದ್ದರೋ ಏನೋ. ಒಬ್ಬರ ಮಾತು ಯಾರು ಕೇಳುತ್ತಾರೆ? ಹತ್ತೂ ಜನ ಒಟ್ಟಾಗಿ ದಡದಲ್ಲೇ ನಿಂತರೆ ಕೇಳಲೇಬೇಕು. ಯೂನಿಯನ್‌ನವರಿಗೆ ಇದನ್ನು ನಾನು ಕಲಿಸಬೇಕಾಗಿಲ್ಲ.

ಯಂತ್ರದ ದೋಣಿಯಾದರೆ ನೋಂದಣಿ ನಂಬರು, ತಪಾಸಣೆಯ ಸರ್ಟಿಫಿಕೇಟು, ಎಷ್ಟು ಜನ ಹತ್ತಬಹುದೆಂಬ ಲೆಕ್ಕ, ಇವನ್ನು ತೋರಿಸಿ ಎನ್ನಿ, ಕೇಳಿದರೆ ಅವಮಾನವೇನಿಲ್ಲ. ಲೈಫ್ ಜಾಕೆಟ್ಟು ತಲೆಗೊಂದು. ಅದನ್ನು ದಿಂಬು ಮಾಡಿಕೊಳ್ಳಬೇಡಿ, ದಡದಲ್ಲೇ ತೊಟ್ಟು ಪಟ್ಟಿ ಬಿಗಿಯಿರಿ. ಫೋಟೋ ತೆಗೆಯಲು ಎಲ್ಲರೂ ಒಂದೇ ಬದಿಗೆ ಏಳಬೇಡಿ. ಬಾಟಲಿ ತರುವವನನ್ನು ಮನೆಯಲ್ಲೇ ಬಿಡಿ. ಕುಡಿಯುವ ನೀರನ್ನು ಕ್ಯಾನಿನಲ್ಲಿ ಒಯ್ಯಿರಿ, ಸುತ್ತಲಿನದೆಲ್ಲ ಉಪ್ಪು. ಅರ್ಧ ಬಾಡಿಗೆ ಮೊದಲು, ಉಳಿದರ್ಧ ಎಲ್ಲರೂ ಮರಳಿ ದಡ ಮುಟ್ಟಿದ ಮೇಲೆ.

ಹೊರಡುವವರ ಹೆಸರು, ದೋಣಿಯ ನಂಬರು, ಮರಳುವ ಗಂಟೆ ಬರೆದು ಲೈನಿನಲ್ಲಿ ಒಬ್ಬರ ಕೈಗೆ ಕೊಟ್ಟು ಹೋಗಿ. ನನ್ನ ಕೈಗೆ ಕೊಟ್ಟರೂ ಆದೀತು, ಆ ರಾತ್ರಿ ಫೋನು ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ.